‘ನಾಲ್ಕು ಮಂದಿಗೆ ₹60ರಾಗ ಊಟ’ ವಿಡಿಯೊ: ಆರು ಅಡಿಗೆ ಮಾಡಿ ನೋಡಿದ್ರೆ ಪಾಸಾಗಿದ್ದು ಎರಡೇ

ಕೌಲ್‌ಬಜಾರ್ ಒಲೆ (ಬಳ್ಳಾರಿ):
ಒಂದು ತಿಂಗಳಿಂದ ಎಲ್ಲರ ಫೋನಲ್ಲೂ ಅದೇ ಅಡಿಗೆ ವಿಡಿಯೊಗಳು. ಮಾಡೋರ ಹೆಸರು ಬೇಡ, ನೋಡಿದೋರಿಗೆ ಗೊತ್ತು. ಕೈ ಬಾಣಲಿಯಲ್ಲಿ ಆಡ್ತಾ ಇರುತ್ತೆ, ಬಾಯಿ ಬೆಲೆ ಹೇಳ್ತಾ ಇರುತ್ತೆ: ಈರುಳ್ಳಿ ಎರಡು ರೂಪಾಯಿ, ಎಣ್ಣೆ ಮೂರು ರೂಪಾಯಿ, ನೀರು ಪುಗಸಟ್ಟೆ. ಹೇಳಿದ್ದನ್ನ ಒಂದಕ್ಷರ ಬದಲಿಸದೆ ಆರು ಅಡಿಗೆ ಮಾಡಿದ ರಿಸಲ್ಟ್ ಕೆಳಗೈತೆ.

ತಣ್ಣೀರಿನ ಜೋಳದ ರೊಟ್ಟಿ: ಎರಡು ಲೋಟ ಹಿಟ್ಟು, ಒಂದು ಲೋಟ ತಣ್ಣೀರು. "ಬಿಸಿನೀರಿನ ಗ್ಯಾಸು ಉಳೀತು ನೋಡಿ" ಅಂದ್ರು. ಬಡಿಯೋಕೆ ಶುರು ಮಾಡಿದ್ರೆ ಅಂಚೆಲ್ಲ ಸೀಳಿ ಕರ್ನಾಟಕದ ನಕ್ಷೆ ಆಯ್ತು. ಎತ್ತಿದ್ರೆ ಬೀದರ್ ಕೈಯಲ್ಲಿ, ಚಾಮರಾಜನಗರ ಹಲಗೆ ಮೇಲೆ.

ಮಂಡಕ್ಕಿ ಒಗ್ಗರಣೆ: "ಐದು ನಿಮಿಷ ನೆನೆಸಿ." ಐದು ನಿಮಿಷಕ್ಕೆ ಪಾತ್ರೆಯಲ್ಲಿ ಮಂಡಕ್ಕಿ ಇರ್ಲಿಲ್ಲ, ಗಂಜಿ ಇತ್ತು. ಅದಕ್ಕೇ ಒಗ್ಗರಣೆ ಕೊಟ್ಟು ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿದ್ರೆ ಗೋಡೆ ಬಿರುಕಿಗೆ ಮೆತ್ತೋ ಹದಕ್ಕೆ ಬಂತು. ಮೇಲಾಗಿ ಉಪ್ಪುಪ್ಪು.

ಒಂದು ಚಮಚ ಎಣ್ಣೆಯ ಮಿರ್ಚಿ, ಪಡ್ಡಿನ ಹಂಚಲ್ಲಿ: ಹಿಟ್ಟು ಗುಳಿಗೆ ಅಂಟ್ಕೊಂತು, ಮೆಣಸಿನಕಾಯಿ ಅಂಗಿ ಬಿಚ್ಚಿ ಆಚೆ ಬಂತು.

ಶೇಂಗಾ ಉಂಡೆ: "ಬೆಲ್ಲ ಕರಗಿದ ಮೇಲೆ ಐದು ನಿಮಿಷ ಕುದಿಸಿ." ಕಟ್ಟೋವಾಗ ಚೆಂದ ಇತ್ತು. ಆರಿದ ಮೇಲೆ ಹಲ್ಲು ಸೋತು ಕುಟ್ಟಾಣಿ ಬಂತು. ಒಂದು ಉಂಡೆ ಈಗ ಬಾಗಿಲು ಬಡ್ಕೊಳ್ದಂಗೆ ಅಡ್ಡ ಇಟ್ಟೈತೆ.

ಪಾಸಾಗಿದ್ದು ಜುಣಕ (ಕಡ್ಲೆಹಿಟ್ಟಿನ ಪಲ್ಯ, ಗಂಟುಗಂಟಾದ್ರೂ ತಿನ್ನೋಕೆ ಬಂತು) ಮತ್ತೆ ರೇಷನ್ ಅಕ್ಕಿ ಇಡ್ಲಿ. ಇಡ್ಲಿಯಲ್ಲೂ ಹಿಟ್ಟು ಹನ್ನೆರಡು ತಾಸು ಬಿಡಿ ಅಂದಿದ್ರು, ಬೆಳಗ್ಗೆ ಅರ್ಧ ಹಿಟ್ಟು ಪಾತ್ರೆಯಲ್ಲಿ, ಅರ್ಧ ಕಟ್ಟೆ ಮೇಲೆ.

ತಪ್ಪು ಅಡಿಗೆಯವರದಾ, ಕೈದಾ, ನಮ್ಮೂರ ಸಾಮಾನಿಂದಾ? ಬಲ್ಲೋರು ಹೇಳ್ರಿ.

ರಾಯಚೂರು ಬಿಸಿಲು:
ಬಾಗಿಲಿಗೆ ಇಟ್ಟ ಉಂಡಿ ಲೆಕ್ಕಕ್ಕ ಹಿಡೀರಿ. ಪೇಟ್ಯಾಗ ಬಾಗಿಲ ತಡೀ ತಗೊಂಡ್ರ ಅದಕ್ಕಿಂತ ಜಾಸ್ತಿ ಆಗ್ತದ.

ಕುಷ್ಟಗಿ ರೊಟ್ಟಿ ಅಕ್ಕ:
ತಣ್ಣೀರಾಗ ರೊಟ್ಟಿ! ಆ ಪುಣ್ಯಾತ್ಮಗ ಗೋದಿ ಗೊತ್ತೈತಿ, ಜ್ವಾಳ ಗೊತ್ತಿಲ್ಲ. ಗೋದಿಹಿಟ್ಟಿನ್ಯಾಗ ಅಂಟು ತಾನ ಇರತೈತಿ, ನಾದಿದಷ್ಟೂ ಎಳಿ ಬಿಡತೈತಿ. ಜ್ವಾಳದಾಗ ಆ ಅಂಟ ಇಲ್ಲ ತಮ್ಮಾ. ಕುದಿಯೋ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಜಿಗಿ ಬಿಡತೈತಿ. ರೊಟ್ಟಿ ನಿಲ್ಲೋದು ಆ ಜಿಗಿ ಮ್ಯಾಲ.

250 ಗ್ರಾಂ ಹಿಟ್ಟಿಗೆ 225ರಿಂದ 250 ಮಿಲಿ ನೀರು, ಅಂದ್ರ ಹೆಚ್ಚುಕಮ್ಮಿ ಹಿಟ್ಟಿನಷ್ಟ ತೂಕ. ನೀರು ಬರೇ ಬಿಸಿ ಆದ್ರ ಸಾಲಂಗಿಲ್ಲ, ಗುಳುಗುಳು ಕುದೀಬೇಕು. ಪರಾತದಾಗ ಹಿಟ್ಟಿಗೆ ನಡುವ ಕುಣಿ ಮಾಡಿ ನೀರು ಸುರುವಿ ಚಮಚದಿಂದ ತಿರುವಿ, ಐದು ನಿಮಿಷ ಮುಚ್ಚಿ ಇಡ್ರಿ. ಕೈ ತಡಕೊಳ್ಳುವಷ್ಟು ಆರಿದ ಮ್ಯಾಲ ಅಂಗೈ ಬುಡದಿಂದ ಒತ್ತಿ ಒತ್ತಿ ನಾದ್ರಿ. ಎಲ್ಲಾ ಹಿಟ್ಟು ಒಮ್ಮೆ ನಾದಿ ಇಟ್ರ ಮುಗೀಲಿಲ್ಲ, ಒಂದೊಂದು ಉಂಡಿ ಬಡಿಯೋ ಮುಂಚೆ ಮತ್ತ ಒಂದು ನಿಮಿಷ ನಾದಬೇಕು. ಅಂಚು ಸೀಳಾಕ ಹತ್ತಿದ್ರ ನೀರು ಕಡಿಮಿ ಆಗೈತಿ, ಇಲ್ಲಾ ನಾದಿದ್ದು ಸಾಲ್ದು.

ಹಂಚಿನ ಮ್ಯಾಲ ನೀರು ಚಿಮುಕಿಸಿದ್ರ ಹನಿ ಕುಣೀಬೇಕು, ಅಷ್ಟು ಕಾದಿರಬೇಕು. ಒಣಹಿಟ್ಟು ಹತ್ತಿದ ಮಗ್ಗಲು ಮ್ಯಾಲ ಬರೋಹಂಗ ಹಾಕಿ ಒದ್ದಿ ಅರಿವಿಯಿಂದ ಸವರ್ರಿ. ನೀರು ಪೂರ್ತಿ ಆರೋದರೊಳಗ ತಿರುವಿ ಹಾಕ್ರಿ. ತಡಾ ಆದ್ರ ಬಿರಿತೈತಿ, ಲಗೂನ ತಿರುವಿದ್ರ ಹಂಚಿಗೆ ಅಂಟತೈತಿ.

ಕೌಲ್‌ಬಜಾರ್ ಒಲೆ:
ಅಕ್ಕಾರೇ, ಹಿಟ್ಟು ಎರಡು ತಿಂಗಳ ಹಿಂದೆ ಬೀಸಿಸಿದ್ದು. ಅದೂ ಕಾರಣನಾ?

ಕುಷ್ಟಗಿ ರೊಟ್ಟಿ ಅಕ್ಕ:
ಎರಡು ತಿಂಗಳಾ! ಅದು ಹಿಟ್ಟಲ್ಲ, ಧೂಳು. ಜ್ವಾಳದ ಹಿಟ್ಟು ಹದಿನೈದು ಇಪ್ಪತ್ತು ದಿನದಾಗ ಖಾಲಿ ಆಗಬೇಕು. ಬ್ಯಾಸಗ್ಯಾಗ ಕಹಿ ಬರತೈತಿ, ಜಿಗಿ ಹೋಗತೈತಿ. ಹಳೇ ಹಿಟ್ಟು ಖರ್ಚು ಮಾಡಲೇಬೇಕಂದ್ರ ನಾಲ್ಕು ಪಾಲಿಗೆ ಒಂದು ಪಾಲು ಗೋದಿಹಿಟ್ಟು ಕಲಸ್ರಿ. ಮುಂದಿನ ಸಲ ಬೀಸಾಕ ಹಾಕುವಾಗ ಐದು ಕೆಜಿ ಬಿಳಿಜ್ವಾಳಕ್ಕ ಎರಡು ಹಿಡಿ ಉದ್ದಿನಬ್ಯಾಳಿ ಹಾಕ್ರಿ, ರೊಟ್ಟಿ ಸಂಜೀತನಕ ಮೆತ್ತಗ ಇರತೈತಿ. ಹಿಂಗಾರಿ ಮಾಲದಂಡಿ ಜ್ವಾಳ ಸಿಕ್ರ ಅದನ್ನ ತಗೋರಿ.

ಲೆಕ್ಕದ ಮಾಸ್ತರ (ಕೊಪ್ಪಳ):
"ಬಿಸಿನೀರಿನ ಗ್ಯಾಸು ಉಳೀತು" ಅಂದ್ರಲ್ಲ, ಎಷ್ಟು ಉಳೀತು ನೋಡೋಣ. ಸಿಲಿಂಡರ್ ₹850 ಅಂತ ಹಿಡೀರಿ, ಒಳಗೆ 14.2 ಕೆಜಿ, ಅಂದ್ರೆ ಕೆಜಿಗೆ ಸುಮಾರು ₹60. ಕಾಲು ಲೀಟರ್ ನೀರು ಕುದಿಸೋಕೆ, ಅರ್ಧ ಶಾಖ ಗಾಳಿಗೆ ಹೋಯ್ತು ಅಂದ್ಕೊಂಡ್ರೂ, 3ರಿಂದ 4 ಗ್ರಾಂ ಗ್ಯಾಸು. ಉಳಿದಿದ್ದು ಇಪ್ಪತ್ತು ಪೈಸೆ. ಕಸಕ್ಕೆ ಹೋಗಿದ್ದು ಎರಡು ಲೋಟ ಹಿಟ್ಟು.

ಅದೇ ಮಹಾನುಭಾವರ ಕಡಲೆ ಉಸುಳಿ ವಿಡಿಯೊ ನೋಡಿ. "ನೆನೆಸೋಕೆ ಮರೆತ್ರೆ ಪರವಾಗಿಲ್ಲ, ಎರಡು ತಾಸು ಕುದಿಸಿ" ಅಂತಾರೆ. ಮಧ್ಯಮ ಉರಿಯಲ್ಲಿ ತಾಸಿಗೆ 100 ಗ್ರಾಂ ಹಿಡಿದ್ರೂ ಎರಡು ತಾಸಿಗೆ 200 ಗ್ರಾಂ, ₹12. ಎಂಟು ತಾಸು ನೆನೆಸಿ ಕುಕ್ಕರಲ್ಲಿ ಇಪ್ಪತ್ತು ನಿಮಿಷ ಇಟ್ರೆ ಎರಡು ರೂಪಾಯಿ. ಇಪ್ಪತ್ತು ಪೈಸೆ ಉಳಿಸೋರು ಹತ್ತು ರೂಪಾಯಿ ಸುಟ್ರು. ಆ ₹12 ಅವರ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹೊಸಪೇಟೆ ಸ್ಟೇಷನ್ ರೋಡ್:
ಎಲ್ರೂ ಸೇರ್ಕೊಂಡು ಒಬ್ಬರನ್ನ ಆಡ್ಕೊಳ್ಳೋದು ಸುಲಭ. ರೂಮ್ ಮಾಡ್ಕೊಂಡಿರೋ ಹುಡುಗರಿಗೆ, ದಿನಗೂಲಿ ಮಂದಿಗೆ ಆ ವಿಡಿಯೊ ಉಪಯೋಗ ಆಗ್ತಾವೆ. ಅವರ ಟೊಮೆಟೊ ಗೊಜ್ಜು, ಮೊಸರನ್ನ ಎಲ್ಲ ಸರಿ ಬರ್ತಾವೆ. ಅಡಿಗೆ ಬರದಿದ್ರೆ ಹೇಳಿಕೊಟ್ಟೋರ ತಪ್ಪಾ?

ರಾಯಚೂರು ಬಿಸಿಲು:
ಮೊಸರನ್ನ ಕೆಡಸಾಕ ಬ್ಯಾರೆನೇ ಪ್ರತಿಭೆ ಬೇಕಲ್ರಿ.

ಲೆಕ್ಕದ ಮಾಸ್ತರ:
ರೂಮಿನ ಹುಡುಗರ ಮಾತು ಬಂತಲ್ಲ, ಅಲ್ಲೇ ಆ ₹60 ಬೀಳೋದು. "ಜೀರಿಗೆ ಐವತ್ತು ಪೈಸೆ, ಇಂಗು ಹತ್ತು ಪೈಸೆ" ಅಂತಾರೆ. ಐವತ್ತು ಪೈಸೆಗೆ ಜೀರಿಗೆ ಯಾರು ಕೊಡ್ತಾರೆ? ಮೊದಲ ದಿನ ಎಣ್ಣೆ, ಜೀರಿಗೆ, ಸಾಸಿವೆ, ಅರಿಶಿನ, ಇಂಗು, ಉಪ್ಪು ಎಲ್ಲ ಪಾಕೀಟೇ ತರಬೇಕು. ₹60ರ ಊಟ ತಿಂಗಳ ಕೊನೆಗೆ ₹60, ಮೊದಲನೇ ದಿನ ಅಲ್ಲ. ಎಣ್ಣೆ ಪಾಕೀಟಿನ ಮೇಲೆ ಗ್ರಾಂ ಓದಿ: 1 ಲೀಟರ್ ಅಂದ್ರೆ ಸುಮಾರು 910 ಗ್ರಾಂ. ನೋಡೋಕೆ ಅಷ್ಟೇ ದೊಡ್ಡದಿರೋ 800, 750 ಗ್ರಾಂ ಪಾಕೀಟೂ ಬರ್ತಾವೆ.

ಹೊಸಪೇಟೆ ಸ್ಟೇಷನ್ ರೋಡ್:
ಈ ಮಾತು ಒಪ್ತೀನಿ ಮಾಸ್ತರ್ರೇ. ಆದ್ರೂ ರೊಟ್ಟಿಗೆ ನಕ್ಷೆ ಅಂದಿದ್ದು ಜಾಸ್ತಿ ಆಯ್ತು.

ಕೌಲ್‌ಬಜಾರ್ ಒಲೆ:
ನಕ್ಷೆಯಲ್ಲಿ ನಿಮ್ಮ ಹೊಸಪೇಟೆ 2021ರಿಂದ ಬೇರೆ ಜಿಲ್ಲೆ ಆಗೈತಲ್ಲ, ರೊಟ್ಟಿಯಲ್ಲೂ ಅಲ್ಲೇ ಸೀಳಿತ್ತು.

ಮಿರ್ಚಿ ಬಂಡಿ (ಸಿರುಗುಪ್ಪ):
ಮೆಣಸಿನಕಾಯಿ ಅಂಗಿ ಬಿಚ್ಚೋಕೆ ಮೂರು ಕಾರಣ. ತೊಳೆದ ಮೇಲೆ ಒರೆಸಿಲ್ಲ, ಹಿಟ್ಟು ತೆಳ್ಳಗೈತೆ, ಎಣ್ಣೆ ಕಾದಿಲ್ಲ. ಪಡ್ಡಿನ ಹಂಚಲ್ಲಿ ನಾಲ್ಕನೇದೂ ಐತೆ: ಕಾಯಿ ಉದ್ದ, ಗುಳಿ ದುಂಡಗೆ. ಕೂರೋದೇ ಇಲ್ಲ, ಬೇಯೋದೆಲ್ಲಿ ಬಂತು.

ಹತ್ತು ಬಜ್ಜಿ ಕಾಯಿಗೆ ಕಡ್ಲೆಹಿಟ್ಟು 200 ಗ್ರಾಂ, ಅಕ್ಕಿಹಿಟ್ಟು ಎರಡು ಚಮಚ, ಅಜವಾನ ಅರ್ಧ ಚಮಚ ಕೈಯಲ್ಲಿ ತಿಕ್ಕಿ, ಉಪ್ಪು ಒಂದು ಚಮಚ, ಸೋಡಾ ಕಾಲು ಚಮಚಕ್ಕಿಂತ ಕಮ್ಮಿ. ನೀರು ಒಂದೇ ಸಲ ಸುರೀಬೇಡಿ. 150 ಮಿಲಿ ಹಾಕಿ ಗಂಟಿಲ್ದಂಗೆ ಕಲಸಿ, ಆಮೇಲೆ ಚೂರು ಚೂರು. ಒಟ್ಟು 200 ಹತ್ತಿರ ಬರುತ್ತೆ. ಬೆರಳು ಅದ್ದಿ ಎತ್ತಿದ್ರೆ ಉಗುರು ಕಾಣಬಾರದು, ಅದು ಹದ. ಸೋಡಾ ಜಾಸ್ತಿ ಆದ್ರೆ ಉಬ್ಬುತ್ತೆ ನಿಜ, ಆದ್ರೆ ಸ್ಪಂಜಿನಂಗೆ ಎಣ್ಣೆ ಹೀರುತ್ತೆ.

ಕಾಯಿ ಒರೆಸಿ, ಒಂದು ಮಗ್ಗಲು ಸೀಳಿ, ಒಳಗೆ ಹುಣಸೆರಸದಲ್ಲಿ ಕಲಸಿದ ಜೀರಿಗೆ ಉಪ್ಪು ಸವರಿ. ಎಣ್ಣೆಗೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಲ್ಲಿ ಮೇಲೆ ಬಂದ್ರೆ ಸರಿ. ಅಲ್ಲೇ ಕೂತ್ರೆ ಕಾದಿಲ್ಲ, ಬಿದ್ದ ಕೂಡ್ಲೆ ಕಪ್ಪಾದ್ರೆ ಉರಿ ಇಳಿಸಿ. ಸಣ್ಣ, ಆಳವಾದ ಬಾಣಲಿಗೆ ಅರ್ಧ ಲೀಟರ್ ಎಣ್ಣೆ ಸಾಕು. ಹತ್ತು ಮಿರ್ಚಿ ಕುಡಿಯೋದು ಅಂದಾಜು 60, 70 ಮಿಲಿ. ಉಳಿದದ್ದು ಸೋಸಿ ಎರಡು ಮೂರು ದಿನದಲ್ಲಿ ಒಗ್ಗರಣೆಗೆ ಬಳಸಿ, ಮತ್ತೆ ಮತ್ತೆ ಕರಿಯೋಕೆ ಬೇಡ.

ಎಣ್ಣೆ ಉಳಿಸಲೇಬೇಕಂದ್ರೆ ಅದೇ ಪಡ್ಡಿನ ಹಂಚಲ್ಲಿ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಿಟ್ಟಿಗೆ ಸೇರಿಸಿ. ಗುಳಿಗೆ ನಾಲ್ಕು ಹನಿ ಎಣ್ಣೆ, ಸಣ್ಣ ಉರಿ, ಮುಚ್ಚಿ ಮೂರು ನಿಮಿಷ, ತಿರುವಿ ಎರಡು ನಿಮಿಷ. ಚೆನ್ನಾಗಿರುತ್ತೆ. ಆದ್ರೆ ಅದನ್ನ ಮಿರ್ಚಿ ಅಂತ ಕರೀಬೇಡಿ.

ಸಿಂಧನೂರಿಗೆ ಬಂದ ಮೈಸೂರು:
ಒಂದು ಡೌಟು. ಮಂಡಕ್ಕಿ ಅಂದ್ರೆ ನಾವು ಪುರಿ ಅಂತೀವಲ್ಲ, ಅದೇ ತಾನೆ? ಪುರಿನ ನೀರಲ್ಲಿ ಹಾಕೋದೇ ನಮ್ಮ ಕಡೆ ಇಲ್ಲ. ಗರಿಗರಿಯಾಗಿ ತಿನ್ನೋ ವಸ್ತುನ ಒದ್ದೆ ಮಾಡಿ, ಮತ್ತೆ ಒಗ್ಗರಣೆ ಯಾಕೆ?

ರಾಯಚೂರು ಬಿಸಿಲು:
ಅಯ್ಯೋ ತಂಗಿ, ಸಿಂಧನೂರಾಗ ಇದ್ದು ಈ ಪ್ರಶ್ನೆ ಜೋರಾಗಿ ಕೇಳಬ್ಯಾಡ್ರಿ. ಮುಂಜಾನಿ ಒಗ್ಗರಣಿ ಮಿರ್ಚಿ ತಿಂದೇ ಇಲ್ಲಿ ಬಸ್ ಸ್ಟ್ಯಾಂಡು ಎದ್ದೇಳ್ತದ.

ಗಂಗಾವತಿ ಭತ್ತ:
ಒಗ್ಗರಣಿ ಅಲ್ರಿ, ಸೂಸಲ.

ಮಿರ್ಚಿ ಬಂಡಿ:
ಬಳ್ಳಾರಿ ಕಡೆ ಉಗ್ಗಾಣಿ. ಆಂಧ್ರದ ಗಡಿ ದಾಟಿದ್ರೂ ಅದೇ ಹೆಸರು, ತಟ್ಟೆಯಲ್ಲಿ ಜೊತೆಗೆ ಬಜ್ಜಿ ಕಡ್ಡಾಯ.

ಕುಷ್ಟಗಿ ರೊಟ್ಟಿ ಅಕ್ಕ:
ಮಂಡಕ್ಕಿ ಅಲ್ಲ, ಚುರುಮುರಿ. ಹೆಸರಿಗೆ ಆಮ್ಯಾಲ ಜಗಳಾಡ್ರಿ, ಮೊದ್ಲು ಆ ತಮ್ಮನ ಗಂಜಿಗೆ ಉತ್ತರ ಕೊಡ್ರಿ.

ಮಿರ್ಚಿ ಬಂಡಿ:
ಕೊಡ್ತೀನಿ ಅಕ್ಕಾ. ನಾಲ್ಕು ಮಂದಿಗೆ ಮಂಡಕ್ಕಿ 200 ಗ್ರಾಂ, ಎರಡೂವರೆ ಲೀಟರಿನ ಪಾತ್ರೆ ತುಂಬುತ್ತೆ. ನೆನೆಸೋದು ಐದು ನಿಮಿಷ ಅಲ್ಲ, ಹತ್ತರಿಂದ ಹದಿನೈದು ಸೆಕೆಂಡು. ನೀರಲ್ಲಿ ಒತ್ತಿ ಮುಳುಗಿಸಿ, ತಕ್ಷಣ ಎರಡೂ ಕೈಯಲ್ಲಿ ಹಿಂಡಿ ತೂತಿನ ಬುಟ್ಟಿಗೆ ಹಾಕಿ. ಒಳಗೆ ಸ್ವಲ್ಪ ಗಟ್ಟಿ ಉಳಿದಿರಬೇಕು, ಬಾಣಲಿಯ ಹಬೆಗೆ ಉಳಿದದ್ದು ಮೆತ್ತಗಾಗುತ್ತೆ. ಹಗುರ, ಉಬ್ಬಿದ ಮಂಡಕ್ಕಿ ಆದ್ರೆ ಐದು ಸೆಕೆಂಡೂ ಜಾಸ್ತಿ. ಯಾವುದು ಅಂತ ಗೊತ್ತಾಗದಿದ್ರೆ ಬಟ್ಟಲು ನೀರಿಗೆ ಹತ್ತು ಕಾಳು ಹಾಕಿ ಎಣಿಸಿ. ಹತ್ತು ಎಣಿಸೋದ್ರೊಳಗೆ ಕಾಳು ಬೆರಳಿಗೆ ಕರಗಿದ್ರೆ ಅದು ಒಗ್ಗರಣೆ ಮಂಡಕ್ಕಿ ಅಲ್ಲ, ಖಾರ ಹಾಕಿ ಒಣಗೇ ತಿನ್ನಿ.

ಎಣ್ಣೆ ಮೂರು ದೊಡ್ಡ ಚಮಚ, ಸಾಸಿವೆ, ಹಿಡಿ ಶೇಂಗಾ, ಜಜ್ಜಿದ ಹಸಿಮೆಣಸಿನಕಾಯಿ ಆರು, ಈರುಳ್ಳಿ ಎರಡು, ಟೊಮೆಟೊ ಒಂದು, ಅರಿಶಿನ. ಒಲೆ ಆರಿಸಿ ಮಂಡಕ್ಕಿ ಹಾಕಿ. ಪುಟಾಣಿ ಪುಡಿ ನಾಲ್ಕು ದೊಡ್ಡ ಚಮಚ, ಒಣಕೊಬ್ಬರಿ, ನಿಂಬೆಹಣ್ಣು ಕೊನೆಗೆ. ಪುಟಾಣಿ ಪುಡಿ ನೀರು ಹೀರುತ್ತೆ, ಅದಕ್ಕೇ ಗಂಜಿಗೆ ಹಾಕಿದ್ರೆ ಗಾರೆ ಆಗೋದು. ಉಪ್ಪು ನೋಡ್ಕೊಂಡು ಹಾಕಿ, ಮಂಡಕ್ಕಿಗೆ ಮೊದಲೇ ಉಪ್ಪಿರುತ್ತೆ.

ಕೌಲ್‌ಬಜಾರ್ ಒಲೆ:
ಅಣ್ಣಾ, ಉಪ್ಪು ಅವರು ಹೇಳಿದಷ್ಟೇ, ಒಂದೂವರೆ ಚಮಚ. ಮಂಡಕ್ಕಿ ಅವರು ಹೇಳಿದಂಗೆ "ಆರು ಲೋಟ".

ಲೆಕ್ಕದ ಮಾಸ್ತರ:
ಯಾವ ಲೋಟ? ಅವರದು 250 ಮಿಲಿ ಇದ್ದಂಗೆ ಕಾಣುತ್ತೆ. ನಿಮ್ಮ ಲೋಟಕ್ಕೆ ಕಂಠದವರೆಗೆ ನೀರು ತುಂಬಿ ತೂಗಿ, ಲೋಟದ ತೂಕ ಕಳೀರಿ. ಎಷ್ಟು ಗ್ರಾಂ ಬರುತ್ತೋ ಅಷ್ಟು ಮಿಲಿ.

ಕೌಲ್‌ಬಜಾರ್ ಒಲೆ:
170.

ಲೆಕ್ಕದ ಮಾಸ್ತರ:
ಅಲ್ಲಿಗೆ ಉಪ್ಪಿನ ವಿಷಯ ಮುಗೀತು. ಹಿಟ್ಟು ನೀರು ಎರಡನ್ನೂ ಒಂದೇ ಲೋಟದಲ್ಲಿ ಅಳೆದ್ರೆ ಲೋಟದ ಗಾತ್ರ ಲೆಕ್ಕಕ್ಕೆ ಬರಲ್ಲ. ಆದ್ರೆ ಉಪ್ಪು, ಸೋಡಾ, ಖಾರ ಚಮಚದಲ್ಲಿ ಹೋಗುತ್ತೆ. ನಿಮ್ಮ ಲೋಟಕ್ಕೆ ಅವರ ಚಮಚ ಹಾಕಿದ್ರೆ ಎಲ್ಲ ಒಂದೂವರೆ ಪಟ್ಟು. ಮಂಡಕ್ಕಿಯಲ್ಲಿ ಮೊದಲೇ ಇದ್ದ ಉಪ್ಪು ಬೇರೆ.

ಸಿಂಧನೂರಿಗೆ ಬಂದ ಮೈಸೂರು:
ಪಾವು, ಚಟಾಕಿನಲ್ಲಿ ಹೇಳಿದ್ರೆ ಈ ಗೊಂದಲ ಇರ್ತಿರ್ಲಿಲ್ಲ.

ರಾಯಚೂರು ಬಿಸಿಲು:
ಇರ್ತಿತ್ತು. ಪಾವು, ಗಿದ್ನ, ಸೇರು ಊರಿಗೊಂದು ಅಳತಿ. ಗ್ರಾಂನ್ಯಾಗ ಹೇಳಿದ್ರ ಮಾತ್ರ ತಪ್ಪಿಸಿಕೊಳ್ಳಾಕ ಬರಂಗಿಲ್ಲ.

ನನ್ನ ಸಿಟ್ಟು ಬ್ಯಾರೆದರ ಮ್ಯಾಲ ಅದ. ಅದೇ ವಿಡಿಯೊದಾಗ "ಪುಂಡಿಪಲ್ಯ" (ಪುಂಡಿ ಅಂದ್ರ ಗೋಂಗುರ, ಹುಳಿ ಸೊಪ್ಪು) ಅಂತ ಹೆಸರಿಟ್ಟು ಪಾಲಕಕ್ಕ ಹುಣಸಿಹಣ್ಣು ಹಿಂಡ್ಯಾರ. ಪುಂಡಿ ದುಬಾರಿ, ಅದಕ್ಕ ಪಾಲಕ ಅಂತ. ಎಲ್ಲಿ ದುಬಾರಿ? ನಮ್ಮ ಸಂತ್ಯಾಗ ಸೊಪ್ಪಿನ ಸಾಲಿನ್ಯಾಗ ಎಲ್ಲಕ್ಕಿಂತ ಸೋವಿ ಪುಂಡಿನೇ. ಮೇಲಾಗಿ ಬ್ಯಾಳಿ, ಹುಣಸಿ, ಸೊಪ್ಪು ಎಲ್ಲಾ ಒಮ್ಮೆಲೆ ಕುಕ್ಕರಿಗೆ. ಹುಳಿಯೊಳಗ ಬ್ಯಾಳಿ ಬೇಯಂಗಿಲ್ರಿ, ಐದು ಸೀಟಿ ಹೊಡದ್ರೂ ಕಾಳು ಕಾಳೇ. ಬ್ಯಾಳಿ, ಜೋಳದ ನುಚ್ಚು ಮೊದ್ಲು ಬೇಯಬೇಕು, ಪುಂಡಿ ಬ್ಯಾರೆ ಬೇಯಿಸಿ ಆಮ್ಯಾಲ ಕೂಡಿಸಬೇಕು. ಎರಡು ಕಟ್ಟು ಪುಂಡಿಗೆ ಹಿಡಿ ತೊಗರಿಬ್ಯಾಳಿ, ಹಿಡಿ ನುಚ್ಚು, ಹಸಿಮೆಣಸಿನಕಾಯಿ ಎಂಟು, ಬಳ್ಳೊಳ್ಳಿ ಒಂದು ಗಡ್ಡಿ. ಹುಳಿ ಜಾಸ್ತಿ ಅನಿಸಿದ್ರ ಪುಂಡಿ ಬೇಯಿಸಿದ ಮೊದಲ ನೀರು ಚೆಲ್ರಿ. ಕಲಾಯಿ ಇಲ್ಲದ ಹಿತ್ತಾಳಿ, ಅಲ್ಯುಮಿನಿಯಂ ಎರಡೂ ಬ್ಯಾಡ, ಹುಳಿ ಪಾತ್ರಿ ತಿಂತದ.

ಮಾನ್ವಿ ಖಾರ:
ಶೇಂಗಾ ಚಟ್ನಿಪುಡಿ ವಿಡಿಯೊ ಯಾರೂ ಮಾಡಿಲ್ವಾ? "ಕೆಂಪು ಮೆಣಸಿನಕಾಯಿ 15." ಯಾವ ಮೆಣಸಿನಕಾಯಿ ಅಂತ ಹೇಳಂಗಿಲ್ಲ. ಬ್ಯಾಡಗಿ ಆದ್ರ 250 ಗ್ರಾಂ ಶೇಂಗಾಕ್ಕ 15 ಸರಿ, ಬಣ್ಣ ಜಾಸ್ತಿ, ಖಾರ ಕಡಿಮಿ. ನಮ್ಮ ಕಡಿ ಮನಿಯಾಗ ಇರೋ ಗುಂಟೂರು ತಳಿ 15 ಹಾಕಿದ್ರ ತಿಂದೋರಿಗೆ ಕಿವಿಯಾಗ ಹೊಗಿ. ಗುಂಟೂರು ಆದ್ರ ನಾಲ್ಕೈದು, ಬಣ್ಣಕ್ಕ ಬ್ಯಾಡಗಿ ಐದು. ಮಿಕ್ಸರ್ ಒಂದೇ ಸಮ ತಿರುಗಿಸಬ್ಯಾಡ್ರಿ, ಬಿಸಿಗೆ ಶೇಂಗಾ ಎಣ್ಣಿ ಬಿಟ್ಟು ಪುಡಿ ಹೋಗಿ ಮುದ್ದಿ ಆಗ್ತದ. ಎರಡು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತ ಎರಡು ಸೆಕೆಂಡು.

ಕೌಲ್‌ಬಜಾರ್ ಒಲೆ:
ಎಣ್ಣೆ ಬಿಟ್ಟು ಮುದ್ದೆ ಆಗುತ್ತೆ ಅಂದ್ರಲ್ಲ, ಹಂಗಾದ್ರೆ ಉಂಡೆಗೆ ಪಾಕನೇ ಬೇಡ್ವಾ?

ಕುಷ್ಟಗಿ ರೊಟ್ಟಿ ಅಕ್ಕ:
ಈಗ ಬಂದಿ ನೋಡು ದಾರಿಗೆ. ಬ್ಯಾಡ. ಹುರಿದು ಸಿಪ್ಪಿ ಹಾರಿಸಿದ ಶೇಂಗಾ 250 ಗ್ರಾಂ, ಬೆಲ್ಲ 175ರಿಂದ 200 ಗ್ರಾಂ, ಎರಡು ಯಾಲಕ್ಕಿ. ಕೂಡಿಸಿ ಕುಟ್ಟು, ಇಲ್ಲಾ ಮಿಕ್ಸರಿನ್ಯಾಗ ತಿರುವು. ಶೇಂಗಾದ ಎಣ್ಣೀನ ಹಿಡಿತೈತಿ, ಕೈಯಾಗ ಒತ್ತಿದ್ರ ಉಂಡಿ. ಗ್ಯಾಸು ಶೇಂಗಾ ಹುರಿಯಾಕ ಅಷ್ಟ. ಪಂಚಮಿಗೆ ಲಗೂನ ಆಗಬೇಕಂದ್ರ ಹಿಂಗ ಮಾಡೋದು.

ಪಾಕದ್ದೇ ಬೇಕಂದ್ರ ನಿಮಿಷ ಎಣಿಸಬ್ಯಾಡ, ತಣ್ಣೀರಿನ ಬಟ್ಟಲ ಇಟ್ಕೋ. ಒಂದು ಹನಿ ಬಿಟ್ಟು ಬೆರಳಾಗ ಕೂಡಿಸಿದ್ರ ಮೆತ್ತನ ಗೋಲಿ ಆದ್ರ ಉಂಡಿ ಪಾಕ, ಆಗಿಂದಾಗ ಇಳಸು. ಬಟ್ಟಲಿಗೆ ಬಡಿದ್ರ ಟಣ್ ಅಂದ್ರ ಅದು ಚಿಕ್ಕಿ ಪಾಕ. ಮೆತ್ತನ ಗೋಲಿಯಿಂದ ಟಣ್ ತನಕ ಒಂದೆರಡು ನಿಮಿಷದ ದಾರಿ ಅಷ್ಟ. ಸ್ವಲ್ಪ ಬೆಲ್ಲ ದಪ್ಪ ತಳದ ಪಾತ್ರ್ಯಾಗ ಐದು ನಿಮಿಷ ಕುದಿಸಿದ್ರ ಬಾಗಿಲಿಗೆ ಇಡೋ ಕಲ್ಲ ಆಗೋದು.

ಮತ್ತ ಜುಣಕದ ಗಂಟು: ಕುದಿಯೋ ನೀರಿಗೆ ಒಣ ಹಿಟ್ಟು ಸುರುವಿದ್ದಕ್ಕ ಆಗಿರಬೇಕು. 100 ಗ್ರಾಂ ಕಡ್ಲಿಹಿಟ್ಟು ಮೊದ್ಲು 100 ಮಿಲಿ ತಣ್ಣೀರಾಗ ಕಲಸಿ, ಒಗ್ಗರಣ್ಯಾಗ 150 ಮಿಲಿ ನೀರು ಕುದಿಯುವಾಗ ತಿರುವಿಕೋತ ಬಿಡು. ಐದು ನಿಮಿಷ ಸಣ್ಣ ಉರಿ. ಅನ್ನಕ್ಕ ಕಲಸಾಕ ತೆಳ್ಳಗ ಬೇಕಂದ್ರ ಒಟ್ಟು ನೀರು 400. ರೊಟ್ಟಿಗೆ ಬಿಸಿನೀರು, ಜುಣಕಕ್ಕ ತಣ್ಣೀರು. ಆ ಅಡಿಗಿಯವ್ರು ಎರಡೂ ತಿರುವು ಮುರುವು ಮಾಡ್ಯಾರ.

ಹೊಸಪೇಟೆ ಸ್ಟೇಷನ್ ರೋಡ್:
ಇಡ್ಲಿ ವಿಷಯ ಯಾರೂ ಹೇಳ್ಲಿಲ್ಲ. ರೇಷನ್ ಅಕ್ಕಿ ತೊಳೆದಾಗ ಬೇರೆ ಥರದ ಕಾಳು ತೇಲ್ತಾವೆ. ಪ್ಲಾಸ್ಟಿಕ್ ಅಕ್ಕಿ ಅಂತಾರಲ್ಲ, ಆರಿಸಿ ತೆಗೀಬೇಕಾ?

ಗಂಗಾವತಿ ಭತ್ತ:
ತೆಗೀಬ್ಯಾಡ್ರಿ! ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕೂಡಿಸಿ ಕಾಳಿನ ಆಕಾರಕ್ಕ ಒತ್ತಿ ತೆಗೆದಿರ್ತಾರ. 100 ಕೆಜಿ ಅಕ್ಕಿಗೆ 1 ಕೆಜಿ ಲೆಕ್ಕದಾಗ ಬೆರಸ್ತಿದ್ರು. ರೇಷನ್, ಬಿಸಿಯೂಟ, ಅಂಗನವಾಡಿ ಎಲ್ಲಾ ಕಡೆ ಅದೇ ಅಕ್ಕಿ ಕೊಡತಿದ್ರು, 2026ರಾಗ ಬೆರಸೋದು ಸದ್ಯಕ್ಕ ನಿಲ್ಲಿಸ್ಯಾರ. ಬಣ್ಣ ಸ್ವಲ್ಪ ಬ್ಯಾರೆ ಇರತೈತಿ, ಕೆಲವು ತೇಲ್ತಾವ. ಬೆಂಕಿಗೆ ಹಿಡಿದ್ರ ಸುಟ್ಟ ಅಕ್ಕಿ ವಾಸನಿನ ಬರತೈತಿ, ಪ್ಲಾಸ್ಟಿಕ್ ವಾಸನಿ ಬರಂಗಿಲ್ಲ. ಆರಿಸಿ ಚೆಲ್ಲಿದ್ರ ಸರ್ಕಾರ ಹಾಕಿದ್ದನ್ನ ನೀವ ಗಟಾರಕ್ಕ ಹಾಕಿದಂಗ.

ಇಡ್ಲಿಗೆ: ರೇಷನ್ ಅಕ್ಕಿ ಹಸಿ ಅಕ್ಕಿ, ನುಣ್ಣಗ ರುಬ್ಬಿದ್ರ ಇಡ್ಲಿ ಅಂಟಂಟ ಆಗತೈತಿ. ಮೂರು ಪಾಲು ಅಕ್ಕಿ ರವಾ ಹದಕ್ಕ ರುಬ್ರಿ, ಒಂದು ಪಾಲು ಉದ್ದಿನಬ್ಯಾಳಿ ಅರ್ಧ ಚಮಚ ಮೆಂತ್ಯ ಹಾಕಿ ನುಣ್ಣಗ, ಒಂದು ಹಿಡಿ ಅವಲಕ್ಕಿ. ವಿಡಿಯೊದಾಗ ಬ್ಯಾಳಿ ಉಳಿಸಾಕ ಆರಕ್ಕ ಒಂದು ಹೇಳ್ಯಾರಂತ ಕೇಳೀನಿ. ಅದು ಇಡ್ಲಿ ಅಲ್ಲ, ಹಬೆಯಾಗ ಬೆಂದ ಅಕ್ಕಿ ಬಿಲ್ಲಿ.

ಹುದುಗು ಬರೋ ಹೊತ್ತು ಊರಿನ ಮ್ಯಾಲ. ಚಳಿ ಊರಾಗ ಹನ್ನೆರಡು ತಾಸು ಸರಿ. ಏಪ್ರಿಲ್, ಮೇ ತಿಂಗಳಾಗ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟ್ತಾವ, ರಾತ್ರಿನೂ ಸೆಕಿ ಹೋಗಂಗಿಲ್ಲ. ಐದಾರು ತಾಸು ಸಾಕು. ಮಿಕ್ಸರಿಗೆ ಫ್ರಿಜ್ಜಿನ ನೀರು ಹಾಕ್ರಿ, ಪಾತ್ರಿ ಅರ್ಧಕ್ಕಿಂತ ಜಾಸ್ತಿ ತುಂಬಬ್ಯಾಡ್ರಿ, ಕೆಳಗ ಒಂದು ಪರಾತ ಇಡ್ರಿ. ಮಲಗೋ ಮುಂಚೆ ಹಿಟ್ಟು ಉಬ್ಬಿದ್ರ ಆಗಿಂದಾಗ ಫ್ರಿಜ್ಜಿಗೆ. ಹುಳಿ ಆದ್ರ ಇಡ್ಲಿ ಬಿಡ್ರಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಪಡ್ಡು ಮಾಡ್ರಿ.

ಮಿರ್ಚಿ ಬಂಡಿ:
ಆ ಪಡ್ಡಿನ ಹಂಚಿಗೆ ಕೊನೆಗೂ ಕೆಲಸ ಸಿಕ್ತು.

ಸಿಂಧನೂರಿಗೆ ಬಂದ ಮೈಸೂರು:
ಭತ್ತದವರು ಸಿಕ್ಕಿದ್ದಕ್ಕೆ ಕೇಳ್ತೀನಿ. ಅದೇ ವಿಡಿಯೊ ನೋಡಿ ಚಿತ್ರಾನ್ನ, ಒಂದಕ್ಕೆ ಎರಡೂವರೆ ನೀರು ಹಾಕಿದ್ರೆ ಪೊಂಗಲ್ ಆಗುತ್ತೆ. ಅಕ್ಕಿ ಸೋನಾ ಮಸೂರಿನೇ.

ಗಂಗಾವತಿ ಭತ್ತ:
ಹೊಸ ಅಕ್ಕಿ ಇರಬೇಕು ತಂಗಿ. ಮಿಲ್ಲಿನಿಂದ ಈಗ ಬಂದದ್ದು ನೀರು ಕಡಿಮಿ ಕುಡಿತೈತಿ, ಒಂದಕ್ಕ ಎರಡು ಸಾಕು, ಚಿತ್ರಾನ್ನಕ್ಕ ಅದಕ್ಕೂ ಒಂದು ಚೂರು ಕಡಿಮಿ. ವರ್ಷ ಆದ ಹಳೇ ಅಕ್ಕಿಗೆ ಎರಡೂವರಿ. ಪಾಕೀಟಿನ ಮ್ಯಾಲ ಹೊಸದು ಹಳೇದು ಬರದಿರಂಗಿಲ್ಲ, ಅಂಗಡ್ಯಾಗ ಕೇಳಿ ತಗೋರಿ. ಹೊಸದ ಇದ್ರ ಬೆಂದ ಅನ್ನ ಪರಾತದಾಗ ಹರವಿ, ಒಂದು ಚಮಚ ಎಣ್ಣಿ ಹಾಕಿ, ಆರಿದ ಮ್ಯಾಲ ಒಗ್ಗರಣಿ ಕಲಸ್ರಿ.

ಕೌಲ್‌ಬಜಾರ್ ಒಲೆ:
ಎರಡನೇ ಸುತ್ತಿನ ವರದಿ. ರೊಟ್ಟಿ: ಹೊಸ ಹಿಟ್ಟು 250 ಗ್ರಾಂ, ಕುದಿಯೋ ನೀರು 240. ಐದರಲ್ಲಿ ಮೂರು ಪೂರ್ತಿ ದುಂಡಗೆ, ಎರಡು ಒಂದೊಂದು ಕಡೆ ಸೀಳಿದ್ವು. ಕುಟ್ಟಿದ ಉಂಡೆ ಹಲ್ಲಿಗೆ ಬಂತು. ಜುಣಕ ಗಂಟಿಲ್ಲ. ಮಂಡಕ್ಕಿ ಮಾತ್ರ ಮತ್ತೆ ಸೋತಿತು. ಹತ್ತು ಸೆಕೆಂಡೇ ಅದ್ದಿದ್ದು, ಆದ್ರೆ ಅದೇ ಹಳೇ ಪಾಕೀಟು, ಹಗುರದ್ದು. ಒಗ್ಗರಣೆ ಹಾಕಿಲ್ಲ, ಅರ್ಧ ಕೆಜಿಯಷ್ಟು ಬರೀ ಗಂಜಿ ಐತೆ. ಚೆಲ್ಲೋದಾ?

ಕುಷ್ಟಗಿ ರೊಟ್ಟಿ ಅಕ್ಕ:
ಚೆಲ್ಲಬ್ಯಾಡ. ಎಣ್ಣಿ ಬಿದ್ದಿಲ್ಲಲ್ಲ, ಸಂಡಿಗಿ ಮಾಡು. ನೀರು ಹಿಂಡಿ ತೆಗಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಚಮಚ ಜೀರಗಿ ಅರದು ಹಾಕು. ಉಪ್ಪು ನಾಲಿಗಿಗೆ ಕಡಿಮಿ ಅನಿಸಬೇಕು, ಒಣಗಿದ ಮ್ಯಾಲ ಜಾಸ್ತಿ ಆಗತೈತಿ. ತೆಳ್ಳಗ ಇದ್ರ ಎರಡು ಚಮಚ ಅಕ್ಕಿಹಿಟ್ಟು. ಪ್ಲಾಸ್ಟಿಕ್ ಹಾಳಿ ಮ್ಯಾಲ ಅಡಿಕಿ ಗಾತ್ರ ಇಡು. ನಿಮ್ಮ ಬಳ್ಳಾರಿ ಬಿಸಿಲಿಗೆ ಎರಡು ದಿನ, ಮುರಿದ್ರ ಟಕ್ ಅನ್ನಬೇಕು. ಒಳಗ ಮೆತ್ತಗ ಉಳಿದ್ರ ಡಬ್ಬ್ಯಾಗ ಬೂಸರ ಬರತೈತಿ.

ಮಾನ್ವಿ ಖಾರ:
ಮಾಳಿಗಿ ಮ್ಯಾಲ ಹಾಕಿದ್ರ ಮ್ಯಾಲ ಹಳೇ ಸೊಳ್ಳಿಪರದೆ ಹೊದಿಸ್ರಿ, ನಾಲ್ಕು ಮೂಲಿಗೆ ಕಲ್ಲು. ಇಲ್ಲಾಂದ್ರ ಕಾಗಿ ಬಿಡಂಗಿಲ್ಲ.

ಕೌಲ್‌ಬಜಾರ್ ಒಲೆ:
ಸೊಳ್ಳೆಪರದೆ ಇಲ್ಲ. ಎರಡು ದಿನ ಕೂತು ಕಾಯ್ಬೇಕು.

ಲೆಕ್ಕದ ಮಾಸ್ತರ:
ಕಾಗೆ ಕಾಯೋ ಕೂಲಿ ಎರಡು ದಿನದ್ದು ಹಿಡ್ಕೊಳ್ಳಿ, ಅದನ್ನೂ ಆ ₹60ಕ್ಕೆ ಸೇರಿಸಿ.

ರಾಯಚೂರು ಬಿಸಿಲು:
ಮೂಲಿಗೆ ಕಲ್ಲಿನ ಬದಲು ಮೊದಲ ಸುತ್ತಿನ ಉಂಡಿ ಇಡ್ರಿ.